ಒಲೆಯಿಂದ ಅಳಿವೆಯವರೆಗೆ: ಇಂಗಾಲದ ಬೆನ್ನು ಹತ್ತುವುದು ಹೇಗೆ

ಅಡಿಕೆ ಸುಲಿತ ಮುಗಿಯಿತೆಂದರೆ ನಮ್ಮ ಶಿರಸಿ ಸೀಮೆಯ ಮನೆಗಳ ಹಿತ್ತಿಲಲ್ಲಿ ಸಿಪ್ಪೆಯ ರಾಶಿ ಆಳೆತ್ತರ ಬೀಳುತ್ತದೆ. ಸಂಜೆ ಅದಕ್ಕೆ ಬೆಂಕಿ ಹಾಕಿದರೆ ಎರಡು ಮೂರು ದಿನ ಹೊಗೆಯಾಡುತ್ತಲೇ ಇರುತ್ತದೆ. ಅಂಥದೊಂದು ಹೊಗೆಯ ಪಕ್ಕದ ಜಗಲಿಯಲ್ಲಿ ಕೂತು ಅಣ್ಣನ ಮಗಳು ಹತ್ತನೇ ತರಗತಿಯ ವಿಜ್ಞಾನ ಉರು ಹೊಡೆಯುತ್ತಿದ್ದಳು: ‘ಇಂಗಾಲದ ಪರಮಾಣು ಸಂಖ್ಯೆ 6, ಹೊರಕವಚದಲ್ಲಿ 4 ಇಲೆಕ್ಟ್ರಾನು.’ ಪುಸ್ತಕದೊಳಗಿನ ಇಂಗಾಲ ಕಣ್ಣೆದುರೇ ಹೊಗೆಯಾಗಿ ಮಾಡು ದಾಟಿ ಹೋಗುತ್ತಿತ್ತು. ಅವಳಿಗೆ ಅದು ಕಾಣಲಿಲ್ಲ, ಬೆಂಕಿ ಹಾಕಿದ ನಮಗೂ ಕಂಡಿರಲಿಲ್ಲ. ಆ ರಜೆಯಲ್ಲಿ ಇಬ್ಬರೂ ಕೂಡಿ ಇಂಗಾಲವನ್ನು ಹುಡುಕಿಕೊಂಡು ಹೊರಟೆವು. ಅಡುಗೆಮನೆಯಲ್ಲಿ ಶುರುವಾದದ್ದು ತೋಟ, ಬೆಟ್ಟ ದಾಟಿ ಘಟ್ಟ ಇಳಿದು ಅಳಿವೆಯಲ್ಲಿ ನಿಂತಿತು. ಮನೆಯಲ್ಲಿ ಹೈಸ್ಕೂಲು ಮಕ್ಕಳಿರುವವರು, ತೋಟ ಇರುವವರು ಇದೇ ದಾರಿಯಲ್ಲಿ ಹೋಗಿ ನೋಡಬಹುದು. ನಾಲ್ಕೈದು ಭಾನುವಾರ ಸಾಕು.

ಬೇಕಾಗುವ ಸಾಮಾನು ಇಷ್ಟೇ: ನೆನೆಸಿದ ಕಾಬೂಲಿ ಕಡಲೆ, ಹಿಡಿಕಡ್ಡಿ, ಹಳೆಯ ಕಬ್ಬಿಣದ ಸೌಟು, ಎಲೆ-ಅಡಿಕೆಗೆ ಹಚ್ಚುವ ಸುಣ್ಣ, ಎರಡು ಪೆನ್ಸಿಲ್, ಎರಡು ಟಾರ್ಚ್ ಸೆಲ್ಲು, ಒಂದು ಪುಟ್ಟ ಎಲ್‌ಇಡಿ, ಒಂದು ತಕ್ಕಡಿ, ಒಂದು ನೋಟ್‌ಬುಕ್ಕು. ನೋಟ್‌ಬುಕ್ಕು ಬಿಡಬೇಡಿ. ತೂಕ ಬರೆದಿಡದಿದ್ದರೆ ಈ ಕೆಲಸದ ಅರ್ಧ ರುಚಿ ಹೋಗುತ್ತದೆ.

ಮೊದಲ ಹೆಜ್ಜೆ: ನಾಲ್ಕು ಕೈ

ಹಿಂದಿನ ರಾತ್ರಿ ನೆನೆಸಿದ ಕಡಲೆಯನ್ನು ಬೆಳಿಗ್ಗೆ ಬಟ್ಟೆಯ ಮೇಲೆ ಹರಡಿ ನೀರಾರಿಸಿ. ಹಿಡಿಕಡ್ಡಿಯನ್ನು ಬೆರಳುದ್ದ ಮುರಿದುಕೊಳ್ಳಿ. ಒಂದು ಕಡಲೆಯನ್ನು ಮಗುವಿನ ಕೈಗೆ ಕೊಟ್ಟು, ‘ಇದಕ್ಕೆ ನಾಲ್ಕು ಕಡ್ಡಿ ಚುಚ್ಚು, ಆದರೆ ಒಂದಕ್ಕೊಂದು ಆದಷ್ಟು ದೂರ ಇರಬೇಕು’ ಎನ್ನಿ. ಮೊದಲು ಎಲ್ಲರೂ ಕೂಡಿಸುವ ಚಿಹ್ನೆಯ ಹಾಗೆ ಚಪ್ಪಟೆಯಾಗಿ ಚುಚ್ಚುತ್ತಾರೆ. ಆಗ ಕಡ್ಡಿಗಳ ನಡುವೆ 90 ಡಿಗ್ರಿ. ಇನ್ನೂ ದೂರ ಮಾಡಲು ಸಾಧ್ಯವೇ ಎಂದು ಕೇಳಿ, ಸುಮ್ಮನೆ ಕಾಯಿರಿ. ಸ್ವಲ್ಪ ಹೊತ್ತಿಗೆ ಮೂರು ಕಡ್ಡಿ ನೆಲಕ್ಕೂರಿ ಒಂದು ಮೇಲೆ ನಿಲ್ಲುತ್ತದೆ, ಮುಕ್ಕಾಲುಮಣೆಗೆ ಒಂದು ಕೊಂಬು ಬಂದ ಹಾಗೆ. ಈಗ ಯಾವ ಎರಡು ಕಡ್ಡಿ ಹಿಡಿದರೂ ಅವುಗಳ ನಡುವೆ ಸುಮಾರು 109.5 ಡಿಗ್ರಿ. ಇದೇ ಇಂಗಾಲ. ನಾಲ್ಕು ತುದಿಗೂ ಜಲಜನಕದ ಬದಲಿಗೆ ಒಂದೊಂದು ಸಣ್ಣ ಹೆಸರುಕಾಳು ಸಿಕ್ಕಿಸಿದರೆ ಮೀಥೇನ್ ಆಯಿತು, ಗೋಬರ್ ಗ್ಯಾಸಿನ ಒಲೆಯಲ್ಲಿ ನೀಲಿಯಾಗಿ ಉರಿಯುವುದು ಅದೇ.

ಹೆಸರುಕಾಳಿನ ಬದಲು ಇನ್ನೊಂದು ಕಡಲೆ ಜೋಡಿಸಿ, ಅದಕ್ಕೆ ಮತ್ತೊಂದು. ಸರಪಳಿ ಬೆಳೆಯುತ್ತದೆ, ಕವಲೊಡೆಯುತ್ತದೆ, ಬಳೆಯಾಗಿ ಸುತ್ತಿಕೊಳ್ಳುತ್ತದೆ. ಎರಡು ಕಡಲೆಯ ನಡುವೆ ಎರಡು ಕಡ್ಡಿಯನ್ನೂ ಹಾಕಬಹುದು, ಮೂರನ್ನೂ ಹಾಕಬಹುದು. ತನ್ನದೇ ಜಾತಿಯ ಪರಮಾಣುಗಳ ಜೊತೆ ಇಷ್ಟುದ್ದ ಕೈ ಹಿಡಿದುಕೊಂಡು ಹೋಗುವ ಶಕ್ತಿ ಬೇರೆ ಯಾವ ಧಾತುವಿಗೂ ಇಲ್ಲ. ಅದೂ ಹಿಡಿತ ಹದವಾದದ್ದು. ತಾನಾಗಿ ಬಿಡುವುದಿಲ್ಲ, ಜೀವಕೋಶದ ಕಿಣ್ವ ಬಂದು ಬಿಡಿಸಿದರೆ ಬಿಟ್ಟುಕೊಡುತ್ತದೆ. ಜೀವ ನಿಂತಿರುವುದೇ ಈ ಹದದ ಮೇಲೆ.

ಆವರ್ತಕೋಷ್ಟಕದಲ್ಲಿ ಇಂಗಾಲದ ಕೆಳಗಿನ ಮನೆಯ ಸಿಲಿಕಾನಿಗೂ ನಾಲ್ಕು ಕೈ ಇದೆಯಲ್ಲ, ಅದರಿಂದ ಜೀವ ಯಾಕಾಗಲಿಲ್ಲ ಎಂದು ಹುಡುಗಿ ಕೇಳಿದಳು. ಇದಕ್ಕೆ ಉತ್ತರ ಕಾರವಾರದ ಕಡಲತೀರದಲ್ಲಿದೆ. ಇಂಗಾಲ ಆಮ್ಲಜನಕದ ಜೊತೆ ಪೂರ್ತಿ ಕೂಡಿದರೆ ಅನಿಲವಾಗುತ್ತದೆ. ಆ ಅನಿಲ ನೀರಿನಲ್ಲಿ ಕರಗುತ್ತದೆ, ಉಸಿರಿನಲ್ಲಿ ಹೊರಬೀಳುತ್ತದೆ, ಎಲೆ ಅದನ್ನು ಮತ್ತೆ ಹಿಡಿಯುತ್ತದೆ. ಸಿಲಿಕಾನ್ ಆಮ್ಲಜನಕದ ಜೊತೆ ಪೂರ್ತಿ ಕೂಡಿದರೆ ಗಟ್ಟಿ ಸ್ಫಟಿಕವಾಗುತ್ತದೆ, ಟಾಗೋರ್ ಕಡಲತೀರದ ಮರಳಿನಲ್ಲಿ ಫಳಫಳ ಹೊಳೆಯುವ ಕಣ ಅದೇ. ಉಸಿರು ಬಿಟ್ಟಾಗಲೆಲ್ಲ ಮರಳು ಬೀಳುವಂತಿದ್ದರೆ ಜೀವ ನಡೆಯುವುದು ಹೇಗೆ? ಅದಲ್ಲದೆ ಸಿಲಿಕಾನಿನ ಪರಮಾಣುಗಳು ಒಂದನ್ನೊಂದು ಹಿಡಿಯುವ ಬಲ ಇಂಗಾಲದಷ್ಟಿಲ್ಲ, ಸರಪಳಿ ಉದ್ದವಾದಂತೆ ಬಿಟ್ಟುಹೋಗುತ್ತದೆ.

ಎರಡನೇ ಹೆಜ್ಜೆ: ಕಪ್ಪಾಗುವುದು ಯಾವುದು?

ಬಚ್ಚಲ ಒಲೆಗೆ ಬೆಂಕಿ ಹಾಕಿದ ಹೊತ್ತಿನಲ್ಲಿ ಇದನ್ನು ಮಾಡಿ, ದೊಡ್ಡವರು ಪಕ್ಕದಲ್ಲೇ ಇರಲಿ. ಕಬ್ಬಿಣದ ಸೌಟಿನಲ್ಲಿ ಒಂದೊಂದಾಗಿ ಅರ್ಧ ಚಮಚ ಸಕ್ಕರೆ, ನಾಲ್ಕು ಕಾಳು ಅಕ್ಕಿ, ಒಂದು ಚೂರು ಅಡಿಕೆ ಸಿಪ್ಪೆ, ಒಣಮೀನಿನ ತುಣುಕು, ಕಲ್ಲುಪ್ಪು, ಕೊನೆಗೆ ಒಂದು ಬಳಚಿನ (ಕಪ್ಪೆಚಿಪ್ಪಿನ ಜಾತಿಯ ಜೀವಿ) ಚಿಪ್ಪು ಇಟ್ಟು ಕಾಯಿಸಿ. ಪ್ರತಿಯೊಂದಕ್ಕೂ ಮೊದಲು ‘ಕಪ್ಪಾಗುತ್ತದೆಯೇ ಇಲ್ಲವೇ’ ಎಂದು ಮಗು ಊಹೆ ಬರೆಯಲಿ.

ಸಕ್ಕರೆಯ ಆಟ ನೋಡುವಂಥದ್ದು. ಕರಗಿ, ಕೆಂಪಾಗಿ, ಉಬ್ಬಿ, ಕರಿ ಬುರುಗಾಗುತ್ತದೆ. ಸಕ್ಕರೆಯ ಅಣುವಿನಲ್ಲಿರುವುದು 12 ಇಂಗಾಲ, 22 ಜಲಜನಕ, 11 ಆಮ್ಲಜನಕ. ಕಾವಿಗೆ ಜಲಜನಕವೂ ಆಮ್ಲಜನಕವೂ ನೀರಾವಿಯಾಗಿ ಹಾರುತ್ತವೆ, ಇಂಗಾಲ ಉಳಿಯುತ್ತದೆ. ಲೆಕ್ಕದ ಪ್ರಕಾರ 100 ಗ್ರಾಂ ಸಕ್ಕರೆಯಲ್ಲಿ 42 ಗ್ರಾಂ ಇಂಗಾಲ. ಬೆಳ್ಳಗಿನ ಸಕ್ಕರೆಯೊಳಗೆ ಹೆಚ್ಚುಕಡಿಮೆ ಅರ್ಧ ಮಸಿ ಇತ್ತು ಎನ್ನುವುದನ್ನು ಕಣ್ಣಾರೆ ಕಂಡ ಮಗು ಅದನ್ನು ಮರೆಯುವುದಿಲ್ಲ. ಅಕ್ಕಿ, ಸಿಪ್ಪೆ, ಮೀನು ಎಲ್ಲವೂ ಕಪ್ಪಾಗುತ್ತವೆ. ಮೀನು ಸುಡುವಾಗಿನ ವಾಸನೆ ಕೂದಲು ಸುಟ್ಟ ವಾಸನೆಗೆ ಹತ್ತಿರ. ಪ್ರೋಟೀನಿನಲ್ಲಿ ಇಂಗಾಲದ ಜೊತೆ ಸಾರಜನಕವೂ ಗಂಧಕವೂ ಇರುತ್ತವೆ ಎನ್ನಲು ಮೂಗೇ ಸಾಕ್ಷಿ. ಉಪ್ಪು ಚಟಪಟ ಎನ್ನುತ್ತದೆ, ಕಪ್ಪಾಗುವುದಿಲ್ಲ. ಅದರಲ್ಲಿ ಇಂಗಾಲ ಇಲ್ಲ.

ಚಿಪ್ಪು ಸ್ವಲ್ಪ ಕಂದಬಹುದು, ಇದ್ದಿಲಂತೂ ಆಗುವುದಿಲ್ಲ. ಆದರೆ ಅದರಲ್ಲಿ ಇಂಗಾಲ ಇದೆ! ಮಗು ‘ಇಲ್ಲ’ ಎಂದು ಬರೆದಿದ್ದರೆ ತಿದ್ದಬೇಡಿ, ಅದಕ್ಕೆ ಮುಂದಿನ ಹೆಜ್ಜೆಯಲ್ಲಿ ಬರುತ್ತೇವೆ.

ಈ ಹೊತ್ತಿಗೇ ಪೆನ್ಸಿಲಿನ ಕೆಲಸವನ್ನೂ ಮುಗಿಸಿ. ಪೆನ್ಸಿಲನ್ನು ಎರಡೂ ತುದಿಯಲ್ಲಿ ಚೂಪು ಮಾಡಿ, ಎರಡು ಸೆಲ್ಲು ಮತ್ತು ಎಲ್‌ಇಡಿಯ ನಡುವೆ ತಂತಿಯ ಬದಲು ಕೂಡಿಸಿ. ಎಲ್‌ಇಡಿ ಬೆಳಗುತ್ತದೆ. (ಬೆಳಗದಿದ್ದರೆ ಎಲ್‌ಇಡಿಯ ಕಾಲು ಅದಲುಬದಲು ಮಾಡಿ.) ಪೆನ್ಸಿಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಯ ಮಿಶ್ರಣ. ಗ್ರಾಫೈಟಿನಲ್ಲಿ ಪ್ರತಿ ಇಂಗಾಲ ಮೂರೇ ಜೊತೆಗಾರರನ್ನು ಹಿಡಿದು ಹಾಳೆ ಹಾಳೆಯಾಗಿ ಹಾಸಿಕೊಂಡಿದೆ. ನಾಲ್ಕನೆಯ ಇಲೆಕ್ಟ್ರಾನು ಹಾಳೆಯ ಮೇಲೆ ಓಡಾಡಿಕೊಂಡಿರುವುದರಿಂದ ವಿದ್ಯುತ್ತು ಹರಿಯುತ್ತದೆ, ಹಾಳೆಗಳು ಒಂದರ ಮೇಲೊಂದು ಜಾರುವುದರಿಂದ ಕಾಗದದ ಮೇಲೆ ಗೆರೆ ಬೀಳುತ್ತದೆ. ವಜ್ರದಲ್ಲಿ ನಾಲ್ಕೂ ಕೈ ಬಿಗಿಯಾಗಿ ಸಿಕ್ಕಿಕೊಂಡಿವೆ. ಅದಕ್ಕೇ ಅಷ್ಟು ಗಟ್ಟಿ, ಅದಕ್ಕೇ ವಿದ್ಯುತ್ತು ಹಾಯುವುದಿಲ್ಲ. ಎರಡೂ ಒಂದೇ ಧಾತು ಎನ್ನುವುದನ್ನು 1797ರಲ್ಲಿ ಸ್ಮಿತ್‌ಸನ್ ಟೆನಂಟ್ ವಜ್ರವನ್ನೇ ಸುಟ್ಟು ತೋರಿಸಿದ. ವಜ್ರ ಸುಟ್ಟರೂ ಅಷ್ಟೇ ತೂಕದ ಇದ್ದಿಲು ಸುಟ್ಟರೂ ಬರುವ ಅನಿಲ ಅಷ್ಟೇ. ಇಂಗಾಲದ ಇನ್ನೊಂದು ರೂಪ, ಚೆಂಡಿನಾಕಾರದ ಫುಲ್ಲರಿನ್, 1985ರಲ್ಲಿ ಸಿಕ್ಕಿತು. ಗ್ರಾಫೈಟಿನ ಒಂದೇ ಒಂದು ಹಾಳೆಯನ್ನು, ಅಂದರೆ ಗ್ರಾಫೀನನ್ನು, ಅಂಟುಪಟ್ಟಿಯಿಂದ ಬಿಡಿಸಿ ತೆಗೆದ ಕೆಲಸ 2004ರದ್ದು, ಅದಕ್ಕೆ 2010ರಲ್ಲಿ ನೊಬೆಲ್ ಬಂತು.

ಮೂರನೇ ಹೆಜ್ಜೆ: ಉಸಿರು ಮತ್ತು ಸುಣ್ಣ

ಒಂದು ಚಮಚ ತಿನ್ನುವ ಸುಣ್ಣವನ್ನು ಒಂದು ಲೀಟರ್ ನೀರಿಗೆ ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ರಾತ್ರಿಯಿಡೀ ಅಲುಗಿಸದೆ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ನಿಧಾನವಾಗಿ ಬೇರೆ ಬಾಟಲಿಗೆ ಬಗ್ಗಿಸಿ, ತಕ್ಷಣ ಮುಚ್ಚಿ. ತೆರೆದಿಟ್ಟರೆ ಗಾಳಿಯಲ್ಲಿನ ಅನಿಲವನ್ನೇ ಹೀರಿ ಮೇಲೆ ಕೆನೆ ಕಟ್ಟುತ್ತದೆ. ಸುಡುಗಲ್ಲಿನ ಸುಣ್ಣ, ಅಂದರೆ ನೀರು ಹಾಕಿದರೆ ಕುದಿಯುವ ಸುಣ್ಣ, ಮಕ್ಕಳ ಕೈಗೆ ಬೇಡವೇ ಬೇಡ. ತಿಳಿನೀರು ಕೂಡ ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ.

ಅರ್ಧ ಲೋಟ ತಿಳಿನೀರಿಗೆ ಸ್ಟ್ರಾ ಇಟ್ಟು ಮೆಲ್ಲಗೆ ಊದಿ. ಹೀರಬಾರದು ಎಂದು ಮೊದಲೇ ಎರಡು ಸಲ ಹೇಳಿ. ಸ್ವಲ್ಪ ಹೊತ್ತಿನಲ್ಲೇ ನೀರು ಹಾಲಾಗುತ್ತದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 0.04 ಶೇಕಡಾ ಮಾತ್ರ. ನಾವು ಬಿಡುವ ಉಸಿರಿನಲ್ಲಿ ಸುಮಾರು 4 ಶೇಕಡಾ, ನೂರು ಪಟ್ಟು. ಒಬ್ಬ ಮನುಷ್ಯ ದಿನಕ್ಕೆ ಸುಮಾರು ಒಂದು ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ, ಅದರಲ್ಲಿ ಇಂಗಾಲವೇ ಕಾಲು ಕಿಲೊಗೂ ಹೆಚ್ಚು. ಮಧ್ಯಾಹ್ನ ಉಂಡ ಅನ್ನದ ಇಂಗಾಲ ಸಂಜೆಯ ಉಸಿರಿನಲ್ಲಿದೆ. ಅದು ಸುಣ್ಣದ ಜೊತೆ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟ್ ಆದದ್ದರಿಂದಲೇ ನೀರು ಬೆಳ್ಳಗಾಯಿತು.

ಈಗ ಚಿಪ್ಪು. ಒಂದು ಬಳಚಿನ ಚಿಪ್ಪಿಗೆ ವಿನೆಗರ್ ಅಥವಾ ನಿಂಬೆರಸ ಹಾಕಿ. ಬುರುಬುರು ನೊರೆ ಬರುತ್ತದೆ, ಆ ಗುಳ್ಳೆ ಇಂಗಾಲದ ಡೈಆಕ್ಸೈಡ್. ಲೋಟದಲ್ಲಿ ನಿಮ್ಮ ಉಸಿರಿನಿಂದ ಹುಟ್ಟಿದ ಬಿಳಿಯೂ ಬಳಚು ಕಟ್ಟಿಕೊಂಡ ಮನೆಯೂ ಒಂದೇ ವಸ್ತು! ಚಿಪ್ಪಿನ ಇಂಗಾಲ ಆಗಲೇ ಆಮ್ಲಜನಕದ ಜೊತೆ ಕೂಡಿ ಕ್ಯಾಲ್ಸಿಯಂ ಹಿಡಿದು ಕೂತಿದೆ, ಸುಟ್ಟರೆ ಇದ್ದಿಲಾಗಿ ಉಳಿಯಲು ಅಲ್ಲಿ ಏನೂ ಇಲ್ಲ. ಘಟ್ಟದ ಕೆಳಗೆ ಚಿಪ್ಪು ಸುಟ್ಟು ಸುಣ್ಣ ಮಾಡುವವರ ಗೂಡಿನಲ್ಲಿ ಆಗುವುದು ಇದರ ಉಲ್ಟಾ ಲೆಕ್ಕ: 100 ಕಿಲೊ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿ ಸುಟ್ಟರೆ 56 ಕಿಲೊ ಸುಣ್ಣ, 44 ಕಿಲೊ ಅನಿಲ.

ಲೋಟದ ನೀರು ಹಾಲಾಯಿತೆಂದು ಊದುವುದನ್ನು ನಿಲ್ಲಿಸಬೇಡಿ. ಹತ್ತು ನಿಮಿಷ ಬಿಟ್ಟು ಬಿಟ್ಟು ಊದುತ್ತಲೇ ಇದ್ದರೆ ಬಿಳಿ ಕರಗಿ ನೀರು ಮತ್ತೆ ತಿಳಿಯಾಗತೊಡಗುತ್ತದೆ. ಹೆಚ್ಚಿನ ಅನಿಲ ಸೇರಿ ಕಾರ್ಬೊನೇಟು ನೀರಲ್ಲಿ ಕರಗುವ ಬೈಕಾರ್ಬೊನೇಟ್ ಆಗುತ್ತದೆ. ನಮ್ಮ ಜಿಲ್ಲೆಯವರು ಈ ಲೋಟ ಹಿಡಿದುಕೊಂಡು ಯಾಣವನ್ನು ನೆನೆಯಬೇಕು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ಸುಣ್ಣಕಲ್ಲಿನವು. ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೊತ್ತ ಮಳೆನೀರು ಸುಣ್ಣಕಲ್ಲನ್ನು ಕೊರೆಯುವ ರೀತಿ ಇದೇ. ಲೋಟದಲ್ಲಿ ಹತ್ತು ನಿಮಿಷ, ಬೆಟ್ಟದಲ್ಲಿ ಯುಗಯುಗ.

ನಾಲ್ಕನೇ ಹೆಜ್ಜೆ: ಮರದ ತೂಕ ಎಲ್ಲಿಂದ ಬಂತು?

ಮಗುವನ್ನಷ್ಟೇ ಅಲ್ಲ, ಮನೆಯ ಹಿರಿಯರನ್ನೂ ಕೇಳಿ ನೋಡಿ. ‘ಮಣ್ಣಿನಿಂದ’ ಎನ್ನುವವರೇ ಹೆಚ್ಚು. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಬೆಲ್ಜಿಯಂ ನಾಡಿನ ವಾನ್ ಹೆಲ್ಮಾಂಟ್ ಎಂಬಾತ ಒಣಗಿಸಿ ತೂಗಿದ 200 ಪೌಂಡ್ ಮಣ್ಣಿನಲ್ಲಿ ವಿಲ್ಲೋ ಸಸಿ ನೆಟ್ಟು ಐದು ವರ್ಷ ಬರೀ ನೀರು ಹಾಕಿ ಬೆಳೆಸಿದ. ಗಿಡ 164 ಪೌಂಡ್ ಹೆಚ್ಚಿತು, ಮಣ್ಣು ಕಡಿಮೆಯಾದದ್ದು ಸುಮಾರು ಎರಡು ಔನ್ಸ್. ಅವನ ಬರಹ 1648ರಲ್ಲಿ ಅಚ್ಚಾಯಿತು. ಹಾಗಾದರೆ ಎಲ್ಲವೂ ನೀರಿನಿಂದಲೇ ಬಂತು ಎಂದು ಆತ ತಿಳಿದ. ನೀರಿನಷ್ಟೇ ದೊಡ್ಡ ಪಾಲು ಗಾಳಿಯದು ಎಂದು ಗೊತ್ತಾಗಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು. ಗಾಳಿಯ ಇಂಗಾಲ ಎಲೆಯೊಳಗೆ ಹೆಜ್ಜೆಹೆಜ್ಜೆಯಾಗಿ ಸಕ್ಕರೆಯಾಗುವ ದಾರಿಯನ್ನು ಬಿಡಿಸಿದ ಮೆಲ್ವಿನ್ ಕ್ಯಾಲ್ವಿನ್‌ಗೆ 1961ರಲ್ಲಿ ನೊಬೆಲ್ ಸಿಕ್ಕಿತು.

ಇದನ್ನು ನಿಮ್ಮ ತೋಟದ ಭಾಷೆಗೆ ಇಳಿಸಿ. ಒಂದು ಅಡಿಕೆ ಮರ ಗುರುತು ಮಾಡಿಕೊಂಡು ವರ್ಷವಿಡೀ ಅದು ಉದುರಿಸುವ ಸೋಗೆ, ಹಾಳೆ ಎಲ್ಲವನ್ನೂ ಒಣಗಿಸಿ ತೂಗಿ. ಒಣತೂಕದ 45 ಶೇಕಡಾ ಇಂಗಾಲ ಎಂದು ಹಿಡಿಯಿರಿ. ಇಂಗಾಲದ ತೂಕವನ್ನು 3.67ರಿಂದ ಗುಣಿಸಿದರೆ ಮರ ಗಾಳಿಯಿಂದ ಎಳೆದುಕೊಂಡ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಯಾಕೆಂದರೆ 12 ಗ್ರಾಂ ಇಂಗಾಲ ಇರುವುದು 44 ಗ್ರಾಂ ಅನಿಲದಲ್ಲಿ. ಎರಡು ಕಿಲೊ ಒಣ ಸೋಗೆಯಲ್ಲಿ 900 ಗ್ರಾಂ ಇಂಗಾಲ, ಅಂದರೆ 3.3 ಕಿಲೊ ಅನಿಲ.

ಕಾಡಿನ ಮರಕ್ಕೂ ಅಂದಾಜು ಮಾಡಬಹುದು. ಎದೆಮಟ್ಟದಲ್ಲಿ ಕಾಂಡವನ್ನು ಹಗ್ಗದಿಂದ ಸುತ್ತಿ ಅಳೆಯಿರಿ. ಸುತ್ತಳತೆ 2 ಮೀಟರ್, ಎತ್ತರ 20 ಮೀಟರ್ ಎಂದಿಟ್ಟುಕೊಳ್ಳಿ. ಸುತ್ತಳತೆಯ ವರ್ಗವನ್ನು 12.57ರಿಂದ ಭಾಗಿಸಿ ಎತ್ತರದಿಂದ ಗುಣಿಸಿ. ಕಾಂಡ ಮೇಲೆ ಸಣ್ಣದಾಗುವುದರಿಂದ ಅರ್ಧ ಮಾಡಿ. ಸುಮಾರು 3.2 ಘನಮೀಟರ್ ಬಂತು. ಘನಮೀಟರಿಗೆ 600 ಕಿಲೊ ಒಣಮರ ಎಂದರೆ 1,900 ಕಿಲೊ, ಅದರಲ್ಲಿ ಸುಮಾರು 900 ಕಿಲೊ ಇಂಗಾಲ. ಟೊಂಗೆ, ಬೇರು ಇದಕ್ಕೆ ಸೇರಿಲ್ಲ. ಶಿರಸಿಯ ಸಾಲ್ಕಣಿಯಲ್ಲಿ 1983ರ ಸೆಪ್ಟೆಂಬರಿನಲ್ಲಿ ಅಪ್ಪಿಕೊ ಚಳವಳಿಯ ಜನ ಕೊಡಲಿಯಿಂದ ಉಳಿಸಲು ತಬ್ಬಿ ನಿಂತದ್ದು ಇಂಥ ಮರಗಳನ್ನು. ಹಗ್ಗ ಹಿಡಿದು ಮರ ಸುತ್ತುವಾಗ ಆ ಕಥೆಯನ್ನು ಮಕ್ಕಳಿಗೆ ಹೇಳಿ, ಲೆಕ್ಕಕ್ಕೆ ತೂಕ ಬರುತ್ತದೆ.

ಐದನೇ ಹೆಜ್ಜೆ: ಊಟದ ಬಾಳೆಲೆ

ನಮ್ಮ ಮೈತೂಕದ ಸುಮಾರು 18 ಶೇಕಡಾ ಇಂಗಾಲ. 50 ಕಿಲೊ ತೂಗುವ ಹುಡುಗಿಯೊಳಗೆ 9 ಕಿಲೊ. ಅದೆಲ್ಲ ಬಂದದ್ದು ಎಲೆಯ ಮೇಲೆ ಬಡಿಸಿದ್ದರಿಂದಲೇ, ಹಾಗಾಗಿ ಈ ಹೆಜ್ಜೆಯನ್ನು ಊಟಕ್ಕೆ ಕೂತಾಗಲೇ ನಡೆಸಿ.

ಅನ್ನವೂ ಹುಲ್ಲೂ ಒಂದೇ ಭತ್ತದ ಗಿಡದವು. ಅನ್ನದ ಪಿಷ್ಟವೂ ಹುಲ್ಲಿನ ಸೆಲ್ಯುಲೋಸೂ ಒಂದೇ ಗ್ಲೂಕೋಸಿನ ಸರಪಳಿಗಳು, ಗ್ಲೂಕೋಸಿಗೆ ಆರು ಇಂಗಾಲ. ಕೊಂಡಿ ಹಾಕಿದ ದಿಕ್ಕು ಮಾತ್ರ ಬೇರೆ. ಆ ಒಂದು ಕೊಂಡಿಯ ತಿರುವಿನಿಂದ ಅನ್ನ ನಮಗೆ ಜೀರ್ಣವಾಗುತ್ತದೆ, ಹುಲ್ಲು ಆಗುವುದಿಲ್ಲ. ಕೊಟ್ಟಿಗೆಯ ಆಕಳಿನ ಹೊಟ್ಟೆಯಲ್ಲಿ ಆ ಕೊಂಡಿ ಬಿಚ್ಚುವ ಸೂಕ್ಷ್ಮಜೀವಿಗಳಿವೆ, ಅವುಗಳಿಂದಾಗಿ ಹುಲ್ಲು ಹಾಲಾಗುತ್ತದೆ.

ಕೊಬ್ಬಿಗೆ ಒಂದು ಚೆಂದದ ಪ್ರಯೋಗ ಇದೆ. ಡಿಸೆಂಬರಿನ ಚಳಿಯಲ್ಲಿ ಮೂರು ಸಣ್ಣ ಬಾಟಲಿಗಳಲ್ಲಿ ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ, ಎಳ್ಳೆಣ್ಣೆ ತುಂಬಿ ರಾತ್ರಿ ಅಂಗಳದಲ್ಲಿಡಿ. ಶಿರಸಿ, ಸಿದ್ದಾಪುರದ ಕಡೆ ಬೆಳಗಾಗುವಷ್ಟರಲ್ಲಿ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿರುತ್ತದೆ, ಉಳಿದೆರಡು ಹರಿಯುತ್ತಿರುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. 12 ಇಂಗಾಲದ ನೆಟ್ಟಗಿನ ಸರಪಳಿ, ಕಟ್ಟಿಗೆ ಅಟ್ಟಿದ ಹಾಗೆ ಒತ್ತೊತ್ತಾಗಿ ಕೂಡುತ್ತದೆ. ಅದಕ್ಕೇ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಶೇಂಗಾ, ಎಳ್ಳಿನ ಎಣ್ಣೆಯ ಸರಪಳಿ 18 ಇಂಗಾಲದಷ್ಟು ಉದ್ದ, ಆದರೆ ನಡುವೆ ಜೋಡಿಬಂಧ (ಎರಡು ಕಡ್ಡಿಯ ಕೊಂಡಿ) ಬಂದಲ್ಲಿ ಸೊಟ್ಟಗಾಗಿದೆ. ಸೊಟ್ಟ ಕಟ್ಟಿಗೆ ಅಟ್ಟಲು ಬರುವುದಿಲ್ಲ. ಬಂಗಡೆ, ತಾರ್ಲೆ ಮೀನಿನ ಎಣ್ಣೆಯಲ್ಲಿ ಐದಾರು ಕಡೆ ಇಂಥ ಸೊಟ್ಟು ಇರುವ ಸರಪಳಿಗಳಿವೆ, ತಣ್ಣೀರಿನಲ್ಲೂ ಅವು ಗಟ್ಟಿಯಾಗುವುದಿಲ್ಲ. ಮೊದಲ ದಿನದ ಕಡಲೆ-ಕಡ್ಡಿ ತೆಗೆದು ಈ ಸೊಟ್ಟನ್ನು ಕಟ್ಟಿ ತೋರಿಸಿ.

ಸಾರಿನ ಕಾಳುಮೆಣಸಿನ ಖಾರ 17 ಇಂಗಾಲದ ಪೈಪರಿನ್, ಪಾಯಸದ ಏಲಕ್ಕಿಯ ಪರಿಮಳದಲ್ಲಿ ದೊಡ್ಡ ಪಾಲು 10 ಇಂಗಾಲದ ಸಿನಿಯೋಲ್. ಪ್ರೋಟೀನು, ಡಿಎನ್‌ಎ ಇವುಗಳ ಬೆನ್ನೆಲುಬಲ್ಲೂ ಇಂಗಾಲವೇ ಎಂದಷ್ಟು ಹೇಳಿ ಮಜ್ಜಿಗೆಗೆ ಹೋಗಬಹುದು.

ಆರನೇ ಹೆಜ್ಜೆ: ಸಿಪ್ಪೆಯ ರಾಶಿಗೆ ಬೇರೆ ಗತಿ

ಈ ಬರಹದ ಮುಖ್ಯ ಕೆಲಸ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 100 ಕಿಲೊ ಒಣ ಸಿಪ್ಪೆಯಲ್ಲಿ ಸುಮಾರು 45 ಕಿಲೊ ಇಂಗಾಲ. ಬೂದಿಯಾಗುವವರೆಗೆ ಸುಟ್ಟರೆ ಅಷ್ಟೂ 165 ಕಿಲೊ ಅನಿಲವಾಗಿ ಹೋಗುತ್ತದೆ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಇಂಗಾಲದ ಹಸಿವು ಬಹಳ. ಬಿಸಿಲೂ ಮಳೆಯೂ ಜೋರಾದ್ದರಿಂದ ಹಾಕಿದ್ದೆಲ್ಲ ಬೇಗ ಕೊಳೆತು ಕರಗುತ್ತದೆ. ಹಿಂದಿನವರು ಸೊಪ್ಪಿನ ಬೆಟ್ಟದಿಂದ ವರ್ಷವರ್ಷವೂ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಹೊತ್ತು ತಂದು ತೋಟಕ್ಕೆ ಹಾಕಿದ್ದು ಈ ಸೋರಿಕೆಯನ್ನು ತುಂಬಲಿಕ್ಕೇ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ತೋಟದ ಏಳೆಂಟು ಕಡೆ ಮೇಲಿನ ಕಸ ಸರಿಸಿ ಒಂದಡಿ ಆಳದ ಗುಂಡಿಯ ಬದಿಯಿಂದ ಮಣ್ಣು ಕೆರೆದು, ಕೂಡಿಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೊ ಕೊಡಿ. ವರದಿಯಲ್ಲಿ ‘ಸಾವಯವ ಇಂಗಾಲ’ ಎಂಬ ಸಾಲು ನೋಡಿ. 0.5 ಶೇಕಡಾಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು. ಮನೆಯಲ್ಲೂ ಒಂದು ಗುರುತು ಸಿಗುತ್ತದೆ: ತೋಟದ ಒಣ ಹೆಂಟೆ ಮತ್ತು ಬೋಳು ಜಾಗದ ಒಣ ಹೆಂಟೆಯನ್ನು ಎರಡು ಲೋಟ ನೀರಿಗೆ ಮೆಲ್ಲಗೆ ಬಿಡಿ. ಇಂಗಾಲ ಇರುವ ಹೆಂಟೆ ಬಹಳ ಹೊತ್ತು ಹಾಗೇ ನಿಲ್ಲುತ್ತದೆ, ಇಲ್ಲದ್ದು ಬೇಗ ಕುಸಿದು ರಾಡಿಯಾಗುತ್ತದೆ.

ಹಸಿ ಸಿಪ್ಪೆಯನ್ನು ನೇರ ಬುಡಕ್ಕೆ ರಾಶಿ ಹಾಕಿ ಮಣ್ಣಿಗೆ ಬೆರೆಸಬೇಡಿ. ಸೂಕ್ಷ್ಮಜೀವಿಗಳಿಗೆ ಇಂಗಾಲದ ಜೊತೆ ಸಾರಜನಕವೂ ಬೇಕು. ಸಿಪ್ಪೆಯಲ್ಲಿ ಅದು ತೀರ ಕಡಿಮೆ, ಹಾಗಾಗಿ ಅವು ಮಣ್ಣಿನಲ್ಲಿದ್ದುದನ್ನೇ ಎತ್ತಿಕೊಂಡು ಮರವನ್ನು ಹಳದಿ ಮಾಡುತ್ತವೆ. ಗೊಬ್ಬರದ ರಾಶಿಗೆ 25ರಿಂದ 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಹದ. ದರಕಿನಲ್ಲಿ ಇದು 50ರ ಮೇಲೆ, ಭತ್ತದ ಹುಲ್ಲಿನಲ್ಲಿ 80ರ ಆಸುಪಾಸು, ಸಗಣಿಯಲ್ಲಿ 20ರ ಹತ್ತಿರ, ಗೊಬ್ಬರದ ಸೊಪ್ಪಿನ ಗ್ಲಿರಿಸಿಡಿಯಾದಲ್ಲಿ 15ರ ಸುತ್ತ. ಆದ್ದರಿಂದ ಮೂರು ಬುಟ್ಟಿ ಸಿಪ್ಪೆ-ದರಕಿಗೆ ಎರಡು ಬುಟ್ಟಿ ಹಸಿ ಗ್ಲಿರಿಸಿಡಿಯಾ, ಅದರ ಮೇಲೆ ಒಂದು ಕೊಡ ಸಗಣಿ ರಾಡಿ, ಹೀಗೆ ಎದೆಮಟ್ಟ ಏರಿಸಿ. ಸಿಪ್ಪೆ ಎರಡು ದಿನ ನೀರಲ್ಲಿ ನೆನೆದಿದ್ದರೆ ಒಳ್ಳೆಯದು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳುವಷ್ಟು ತೇವ ಇರಲಿ. ಒಂದು ವಾರದಲ್ಲಿ ರಾಶಿಯೊಳಗೆ ಕೈ ಇಡಲಾಗದಷ್ಟು ಬಿಸಿ ಬರಬೇಕು. ಮೂರು ವಾರಕ್ಕೊಮ್ಮೆ ಮಗುಚಿ. ಮಳೆಗಾಲಕ್ಕೆ ಸೋಗೆ ಹೊದಿಕೆ ಇಲ್ಲದಿದ್ದರೆ ಸಾರ ಎಲ್ಲ ತೊಳೆದು ಹಳ್ಳಕ್ಕೆ ಹೋಗುತ್ತದೆ.

ಸಿಪ್ಪೆ ಬೇಗ ಕೊಳೆಯುವ ಜಾತಿಯಲ್ಲ, ಅದರಲ್ಲಿ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಬಹಳ. ಆದ್ದರಿಂದ ಅರ್ಧ ಸಿಪ್ಪೆಯನ್ನು ನಾನು ಇದ್ದಿಲು ಮಾಡುತ್ತೇನೆ. ದರಕು ಇಲ್ಲದ ಬಯಲಿನಲ್ಲಿ, ಗಾಳಿ ಇಲ್ಲದ ಬೆಳಿಗ್ಗೆ, ನಾಲ್ಕು ಕೊಡ ನೀರು ಪಕ್ಕದಲ್ಲಿಟ್ಟುಕೊಂಡು ಮಾಡುವ ಕೆಲಸ ಇದು. ಮೇಲೆ ಒಂದು ಮೀಟರ್ ಅಗಲ, ಎರಡಡಿ ಆಳ, ತಳ ಕಿರಿದಾದ ಗುಂಡಿ ತೆಗೆಯಿರಿ. ತಳದಲ್ಲಿ ಕಡ್ಡಿಗಳಿಂದ ಚೆನ್ನಾಗಿ ಬೆಂಕಿ ಮಾಡಿ, ಪೂರ್ತಿ ಒಣಗಿದ ಸಿಪ್ಪೆಯನ್ನು ತೆಳುವಾಗಿ ಹರಡಿ. ಮೇಲ್ಪದರಕ್ಕೆ ಬೂದಿಯ ಬಿಳಿ ಬರಲು ಶುರುವಾದ ಕೂಡಲೇ ಮುಂದಿನ ಪದರ. ಮೇಲಿನ ಜ್ವಾಲೆ ಆಮ್ಲಜನಕವನ್ನೆಲ್ಲ ತಿನ್ನುವುದರಿಂದ ಕೆಳಗಿನದು ಬೂದಿಯಾಗದೆ ಇದ್ದಿಲಾಗುತ್ತದೆ. ಹೊಗೆ ದಟ್ಟವಾದರೆ ಸಿಪ್ಪೆ ಹಸಿ ಇದೆ ಅಥವಾ ಒಮ್ಮೆಲೇ ಹೆಚ್ಚು ಹಾಕಿದ್ದೀರಿ. ಗುಂಡಿ ತುಂಬಿದ ಮೇಲೆ ನೀರು ಸುರಿದು ಪೂರ್ತಿ ಆರಿಸಿ, ಕೋಲಿನಿಂದ ಕೆದಕಿ ಮತ್ತೆ ಸುರಿಯಿರಿ. ಮೊದಲ ಸಲ ನಾನು ಮೇಲೆ ಮೇಲೆ ನೀರು ಚಿಮುಕಿಸಿ ಮನೆಗೆ ಬಂದಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಗುಂಡಿಯಲ್ಲಿ ಹಿಡಿ ಬೂದಿ ಮಾತ್ರ ಇತ್ತು.

ಒಣತೂಕದ ಐದರಲ್ಲೊಂದು ಪಾಲು ಇದ್ದಿಲು ಸಿಗುತ್ತದೆ. 100 ಕಿಲೊ ಸಿಪ್ಪೆಗೆ 20 ಕಿಲೊ, ಅದರಲ್ಲಿ ಸುಮಾರು 14–15 ಕಿಲೊ ಇಂಗಾಲ. ಈ ಇಂಗಾಲ ಉಂಗುರ ಉಂಗುರವಾಗಿ ಹೆಣೆದುಕೊಂಡಿರುವುದರಿಂದ ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಬಗ್ಗುವುದಿಲ್ಲ, ನೂರಾರು ವರ್ಷ ಮಣ್ಣಿನಲ್ಲಿ ಉಳಿಯಬಲ್ಲದು. ಸಾವಿರಾರು ವರ್ಷ ಹಳೆಯ ಒಲೆಯ ಇದ್ದಿಲು ಸಿಕ್ಕಿ, 5,730 ವರ್ಷಕ್ಕೆ ಅರ್ಧಕ್ಕಿಳಿಯುವ ವಿಕಿರಣಶೀಲ ಇಂಗಾಲ-14ರಿಂದ ಅದರ ಕಾಲ ಹೇಳಲು ಸಾಧ್ಯವಾಗುವುದು ಈ ಗಟ್ಟಿತನದಿಂದಲೇ. ಒಣ ಇದ್ದಿಲನ್ನು ಹಾಗೇ ತೋಟಕ್ಕೆ ಹಾಕಬೇಡಿ. ಅದರ ತೂತುಗಳು ಖಾಲಿ ಇರುತ್ತವೆ, ಮಣ್ಣಿನ ಸಾರವನ್ನೇ ಮೊದಲು ಹೀರುತ್ತವೆ. ಕಡಲೆಕಾಳಿನಷ್ಟು ಪುಡಿ ಮಾಡಿ ಗೋಮೂತ್ರದಲ್ಲೋ ಗೋಬರ್ ಗ್ಯಾಸಿನ ರಾಡಿಯಲ್ಲೋ ಎರಡು ವಾರ ನೆನೆಸಿ, ಗೊಬ್ಬರಕ್ಕೆ ಬೆರೆಸಿ. ಮೊದಲ ವರ್ಷ ಹತ್ತು ಮರಗಳ ಬುಡಕ್ಕೆ ತಲಾ ಎರಡು ಕಿಲೊ ಹಾಕಿ, ಪಕ್ಕದ ಹತ್ತನ್ನು ಹಾಗೇ ಬಿಟ್ಟು ಹೋಲಿಸಿ. ತಾನು ಅಳೆಯದೆ ಇಡೀ ತೋಟಕ್ಕೆ ಹಾಕುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಏಳನೇ ಹೆಜ್ಜೆ: ಘಟ್ಟ ಇಳಿದು ಅಳಿವೆಗೆ

ತೋಟದ ಮಣ್ಣು ಇಂಗಾಲವನ್ನು ಹಿಡಿದಿಡಲು ಇಷ್ಟು ಒದ್ದಾಡಿದರೆ, ಕಾರವಾರದ ಕಾಳಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಸರು ಅದನ್ನು ಸುಮ್ಮನೆ ಕೂಡಿಡುತ್ತದೆ. ಅಘನಾಶಿನಿಯ ಅಳಿವೆಗೆ ಹೋದರೂ ಆದೀತು, 2024ರ ಜನವರಿಯಲ್ಲಿ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದೆ. ಇಳಿತದ ಹೊತ್ತು ಮೊದಲೇ ಊರಿನ ಮೀನುಗಾರರನ್ನು ಕೇಳಿಕೊಂಡು ಹೋಗಿ. ಬೇರುಗಳನ್ನು ತುಳಿಯದೆ ದಂಡೆಯಲ್ಲೇ ಕೂತು ಒಂದು ಕೋಲಿನಿಂದ ಕೆಸರನ್ನು ಗೇಣುದ್ದ ಕೆದಕಿ. ಮೇಲಿನ ಕಂದು ಪದರದ ಕೆಳಗೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಅಲ್ಲಿ ಆಮ್ಲಜನಕ ಇಲ್ಲ ಎನ್ನುವುದಕ್ಕೆ ಆ ವಾಸನೆಯೇ ಗುರುತು. ಆಮ್ಲಜನಕ ಇಲ್ಲದಲ್ಲಿ ಎಲೆ, ಬೇರು ಬಹಳ ನಿಧಾನ ಕೊಳೆಯುತ್ತವೆ, ಮೇಲೆ ಹೊಸ ಕೆಸರು ಕೂಡುತ್ತ ಹೋಗುತ್ತದೆ. ಬೆಟ್ಟದ ಮಣ್ಣಿನಲ್ಲಿ ಒಂದೆರಡು ಮಳೆಗಾಲಕ್ಕೆ ಕರಗುವ ಎಲೆಯ ಇಂಗಾಲ ಇಲ್ಲಿ ತಲೆಮಾರುಗಳ ಕಾಲ ಉಳಿಯುತ್ತದೆ. ಕಾಂಡ್ಲಾ ಕಡಿದು ಒಡ್ಡು ಹಾಕಿ ಕೆಸರು ಒಣಗಿಸಿದರೆ ಗಾಳಿ ಒಳಹೊಕ್ಕು ಕೂಡಿಟ್ಟ ಇಂಗಾಲ ಬಿಡುಗಡೆಯಾಗತೊಡಗುತ್ತದೆ.

ಹವಾಯಿಯ ಮೌನಾ ಲೋವಾ ಪರ್ವತದಲ್ಲಿ 1958ರಲ್ಲಿ ಅಳೆಯಲು ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಪಾಲು ಇತ್ತು. ಈಗ 420 ದಾಟಿದೆ. ಈ ಎರಡು ಅಂಕಿಯನ್ನು ಹುಡುಗಿ ಅಳಿವೆಯ ದಂಡೆಯಲ್ಲಿ ಕೂತೇ ನೋಟ್‌ಬುಕ್ಕಿನಲ್ಲಿ ಬರೆದಳು. ಅದರ ಕೆಳಗೆ ನಮ್ಮ ಹಿತ್ತಿಲಿನ ಸಿಪ್ಪೆಯ ತೂಕ, ಗುಂಡಿಯಿಂದ ಎತ್ತಿದ ಇದ್ದಿಲಿನ ತೂಕ, ಹತ್ತು ಮರಗಳ ನಂಬರು ಬರೆದು ಮುಂದಿನ ಸುಲಿತದ ಲೆಕ್ಕಕ್ಕೆ ಒಂದು ಪುಟ ಖಾಲಿ ಬಿಟ್ಟಿದ್ದಾಳೆ.